ಗ್ಯಾರೇಜ್ ಕಟ್ಟೆ: ಎಂಜಿನ್ ಬದಲಾಯ್ತು, ಸ್ಟೇರಿಂಗ್ ಪೈಪಿಗೆ ಏನು ಮಾಡೋದು?

ಪ್ರಶ್ನೆ: ಅಣ್ಣಾವ್ರಿಗೆ ನಮಸ್ಕಾರ. ನಮ್ಮ ಮನೆಯಲ್ಲಿ ಅಪ್ಪನ ಹಳೇ ಸುಮೋ ಇದೆ. ಗದ್ದೆಗೆ, ಸಂತೆಗೆ, ಮದುವೆಗೆ ಎಲ್ಲದಕ್ಕೂ ಅದೇ ಗಾಡಿ. ಎಂಜಿನ್ ಸೋತು ಹೋಗಿತ್ತು. ಅದೇ ಕಂಪನಿಯ ಟರ್ಬೊ ಎಂಜಿನ್ ಸೆಕೆಂಡ್ ಹ್ಯಾಂಡ್ ಸಿಕ್ಕಿತು, ತಂದು ಕೂರಿಸಿದ್ದೇವೆ. ಈಗ ಪವರ್ ಸ್ಟೇರಿಂಗ್ ಪಂಪು ಮೊದಲಿದ್ದ ಜಾಗದಲ್ಲಿಲ್ಲ. ಪಂಪಿನಿಂದ ಸ್ಟೇರಿಂಗ್ ಬಾಕ್ಸಿಗೆ ಎಣ್ಣೆ ಒಯ್ಯುವ ಹಳೇ ಪ್ರೆಷರ್ ಪೈಪು ಒಂದು ಗೇಣು ಸಾಲುತ್ತಿಲ್ಲ, ಪಂಪಿನ ಬಾಯಿಗೂ ಕೂಡುತ್ತಿಲ್ಲ. ಎಳೆದು ತಂದರೆ ಟರ್ಬೊಗೆ ತಾಗುತ್ತದೆ. ನಮ್ಮ ಮೇಸ್ತ್ರಿ 'ನಡುವೆ ಕತ್ತರಿಸಿ ಡೀಸೆಲ್ ಹೋಸ್ ಹಾಕಿ, ಎರಡೂ ಕಡೆ ಕ್ಲಿಪ್ ಬಿಗಿದರೆ ಆಯ್ತು' ಅಂತಾರೆ. ಹಾಗೆ ಮಾಡಬಹುದಾ?
ಓದುಗರು, ಸಿಂಧನೂರು

ಉತ್ತರ: ಬೇಡ ತಮ್ಮಾ. ಇದೊಂದು ಮಾತ್ರ ಬೇಡವೇ ಬೇಡ. ನಿಮ್ಮ ಮೇಸ್ತ್ರಿ ಎಂಜಿನ್ ಕೆಲಸದಲ್ಲಿ ಒಳ್ಳೆಯವರೇ ಇರಬಹುದು. ಆದರೆ ಈ ಪೈಪಿನೊಳಗೆ ಎಷ್ಟು ಒತ್ತಡ ಇರುತ್ತದೆ ಅನ್ನುವುದನ್ನು ಅವರು ಯೋಚಿಸಿದ ಹಾಗಿಲ್ಲ.

ಗಾಡಿ ನೇರ ಹೋಗುವಾಗ ಪಂಪು ಸುಮ್ನೆ ಎಣ್ಣೆ ತಿರುಗಿಸುತ್ತಿರುತ್ತದೆ, ಒತ್ತಡ ಹೆಚ್ಚಿರುವುದಿಲ್ಲ. ನಿಂತಲ್ಲೇ ಫುಲ್ ಕಟ್ ಹೊಡೆದಾಗ, ಅಂದರೆ ಸ್ಟೇರಿಂಗ್ ಕೊನೆವರೆಗೆ ತಿರುಗಿಸಿದಾಗ ಮಾತ್ರ ಎಣ್ಣೆಗೆ ಹೋಗಲು ದಾರಿ ಇರುವುದಿಲ್ಲ. ಆಗ ಕಾರು, ಜೀಪುಗಳಲ್ಲಿ ಸಾಮಾನ್ಯವಾಗಿ 70ರಿಂದ 100 ಬಾರ್‌ವರೆಗೆ ಒತ್ತಡ ಏರುತ್ತದೆ. ಟೈರಿಗೆ ನಾವು ಹೊಡೆಸುವ ಗಾಳಿ ಎರಡೂ ಚಿಲ್ಲರೆ ಬಾರ್. ಡೀಸೆಲ್ ಹೋಸು, ಅದರ ಮೇಲಿನ ಕ್ಲಿಪ್ಪು ಇವೆಲ್ಲ ಟೈರಿನ ಲೆಕ್ಕದ ಸಾಮಾನು. ಶೆಡ್ಡಿನಲ್ಲಿ ಸ್ಟಾರ್ಟ್ ಮಾಡಿ ನೋಡಿದಾಗ ಒಂದು ಹನಿಯೂ ಸೋರುವುದಿಲ್ಲ. ಮಿಲ್ಲಿನ ಮುಂದೆ ಲಾರಿ ಸಾಲಿನ ನಡುವೆ ಗಾಡಿ ತಿರುಗಿಸುವಾಗ ಕಿತ್ತುಕೊಂಡು ಬರುತ್ತದೆ. ಕಿತ್ತ ಎಣ್ಣೆ ಬೀಳುವುದು ಕಾದ ಟರ್ಬೊ ಮೇಲೆ. ಮೊದಲು ಹೊಗೆ, ಆಮೇಲೆ ಬೆಂಕಿ. ಅದೇ ಕ್ಷಣದಲ್ಲಿ ಸ್ಟೇರಿಂಗ್ ಕೂಡ ಕಲ್ಲಾಗುತ್ತದೆ. ಪಕ್ಕದಲ್ಲಿ ಅಪ್ಪ ಕೂತಿರುತ್ತಾರೆ ಅಲ್ವಾ?

ಹಾಗಾದರೆ ಏನು ಮಾಡಬೇಕು? ನಮ್ಮ ಸೀಮೆಯವರಿಗೆ ಈ ವಿಷಯದಲ್ಲಿ ಒಂದು ಅನುಕೂಲ ಇದೆ. ಬಳ್ಳಾರಿ, ಸಂಡೂರಿನಲ್ಲಿ ಗಣಿ ಮಷಿನ್‌ಗಳಿವೆ. ನಿಮ್ಮ ಸಿಂಧನೂರು, ಗಂಗಾವತಿ ಕಡೆ ಭತ್ತ ಕೊಯ್ಯುವ ಮಷಿನ್‌ಗಳಿವೆ. ಅವುಗಳಿಗಾಗಿ ಹೈಡ್ರಾಲಿಕ್ ಹೋಸ್ ಕ್ರಿಂಪ್ ಮಾಡಿಕೊಡುವ, ಅಂದರೆ ಹೋಸಿನ ತುದಿಯನ್ನು ಮಷಿನ್ನಿನಲ್ಲಿ ಅಮುಕಿ ಬಿಗಿದು ಕೊಡುವ ಅಂಗಡಿಗಳು ನಮ್ಮ ಊರುಗಳಲ್ಲೇ ಸಿಗುತ್ತವೆ. ನಿಮ್ಮ ಕೆಲಸ ಆಗಬೇಕಾದದ್ದು ಅಲ್ಲಿ. ಒಂದು ತುದಿಯಲ್ಲಿ ಹೊಸ ಪಂಪಿಗೆ ಕೂಡುವ ಬಾಯಿ, ಇನ್ನೊಂದು ತುದಿಯಲ್ಲಿ ನಿಮ್ಮ ಸ್ಟೇರಿಂಗ್ ಬಾಕ್ಸಿಗೆ ಕೂಡುವ ಬಾಯಿ, ನಡುವೆ ಹೊಸ ಹೋಸು, ಎರಡೂ ಕಡೆ ಮಷಿನ್ ಕ್ರಿಂಪ್. ಕ್ಲಿಪ್ಪಿಗೆ ಅಲ್ಲಿ ಜಾಗವೇ ಇಲ್ಲ.

ಅಂಗಡಿಗೆ ಹೋಗುವ ಮೊದಲು ಎಂಜಿನ್ನು ಅದರ ಫೌಂಡೇಶನ್ ರಬ್ಬರ್ ಮೇಲೆ ಪೂರ್ತಿ ಕೂತಿರಬೇಕು. ಸೈಲೆನ್ಸರ್ ಪೈಪು, ಟರ್ಬೊ, ರೇಡಿಯೇಟರ್ ಎಲ್ಲಾ ತಮ್ಮ ಜಾಗದಲ್ಲಿರಬೇಕು. ಆಮೇಲೆ ದಪ್ಪ ಕರೆಂಟ್ ವೈರಿನ ತುಂಡು ತಗೊಂಡು ಪಂಪಿನಿಂದ ಸ್ಟೇರಿಂಗ್ ಬಾಕ್ಸ್‌ವರೆಗೆ ಪೈಪು ಹೋಗಬೇಕಾದ ದಾರಿಯಲ್ಲೇ ಬಾಗಿಸಿ ಕಟ್ಟಿ ನೋಡಿ. ಟರ್ಬೊದಿಂದ, ಎಂಜಿನ್ ಹೊಗೆ ಹೊರಹೋಗುವ ಮ್ಯಾನಿಫೋಲ್ಡ್‌ನಿಂದ ಒಂದು ಮುಷ್ಟಿಯಾದರೂ ದೂರ ಇರಲಿ. ಸುತ್ತು ಹಾಕಿ ಬಂದರೂ ಚಿಂತೆ ಇಲ್ಲ, ತಣ್ಣಗಿರುವ ಕಡೆಯಿಂದ ಬರಲಿ. ಬೇರೆ ದಾರಿಯೇ ಇಲ್ಲ ಅಂದರೆ ನಡುವೆ ತಗಡಿನ ಅಡ್ಡಗೋಡೆ ಕಟ್ಟಿ, ಹೋಸಿಗೆ ಶಾಖ ತಡೆಯುವ ತೋಳು (ಸ್ಲೀವ್) ತೊಡಿಸಿ. ಎರಡೂ ಬೇಕು, ಒಂದೇ ಸಾಲದು. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಬಾನೆಟ್ ಒಳಗಿನ ಸೆಕೆ ಎಷ್ಟಿರುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ಇನ್ನು ಹೋಸು. ಪವರ್ ಸ್ಟೇರಿಂಗ್‌ಗೆಂದೇ ಮಾಡಿದ ಪ್ರೆಷರ್ ಹೋಸ್ ಸಿಕ್ಕರೆ ಅದೇ ನನ್ನ ಮೊದಲ ಆಯ್ಕೆ. ಅದರ ಮೇಲೆ ಎಸ್‌ಎಇ ಜೆ188 ಅಥವಾ ಜೆ191 ಅಂತ ಗುಣಮಟ್ಟದ ನಂಬರ್ ಅಚ್ಚಾಗಿರುತ್ತದೆ. ಸಿಗದಿದ್ದರೆ ಅಂಗಡಿಯವರು ಹೈಡ್ರಾಲಿಕ್ ಹೋಸ್ ಕೊಡುತ್ತಾರೆ. ಅದರಲ್ಲಿ ಆರ್1 ಅಂದರೆ ಒಂದು ಪದರ ಉಕ್ಕಿನ ತಂತಿ ಬಲೆ, ಆರ್2 ಅಂದರೆ ಎರಡು ಪದರ. 3/8 ಇಂಚಿನ ಆರ್1 ಹೋಸು 180 ಬಾರ್‌ವರೆಗೆ ನಿತ್ಯ ಕೆಲಸಕ್ಕೆ ತಡೆಯುತ್ತದೆ. ಒತ್ತಡದ ಲೆಕ್ಕಕ್ಕೆ ನಿಮಗೆ ಅದು ಧಾರಾಳ ಸಾಕು. ಆದರೆ ಸಾಮಾನ್ಯ ಆರ್1, ಆರ್2 ಹೋಸುಗಳ ಶಾಖದ ಮಿತಿ 100 ಡಿಗ್ರಿ. ಟರ್ಬೊ ಪಕ್ಕ ಅದನ್ನು ಮಲಗಿಸಿದರೆ ರಬ್ಬರು ಒಣಗಿ ಗಡುಸಾಗಿ, ಬಗ್ಗಿಸಿದಲ್ಲಿ ಬಿರುಕು ಬಿಡುತ್ತದೆ. ದಾರಿ ಆರಿಸುವುದು ಹೋಸು ಆರಿಸುವುದಕ್ಕಿಂತ ಮುಖ್ಯ ಅಂತ ನಾನು ಹೇಳುವುದು ಇದಕ್ಕೇ.

ಬಾಯಿಗಳ ವಿಷಯಕ್ಕೆ ಬನ್ನಿ. ಕೆಲಸ ಕೆಡುವುದು ಜಾಸ್ತಿ ಇಲ್ಲೇ. ಪಂಪಿನಲ್ಲಿ ಸಾಮಾನ್ಯವಾಗಿ ಮಿಲಿಮೀಟರ್ ಲೆಕ್ಕದ ಮರೆ (ಥ್ರೆಡ್) ಇರುತ್ತದೆ, ಉದಾಹರಣೆಗೆ ಎಂ16, 1.5 ಪಿಚ್ (ಒಂದು ಮರೆಯಿಂದ ಇನ್ನೊಂದಕ್ಕೆ 1.5 ಮಿಮೀ). ಹೈಡ್ರಾಲಿಕ್ ಅಂಗಡಿಯ ಡಬ್ಬಿಯಲ್ಲಿ ಬಿಎಸ್‌ಪಿ ಎಂಬ ಇಂಚು ಲೆಕ್ಕದ ಪೈಪು ಮರೆಯ ಸಾಮಾನೂ ರಾಶಿ ಇರುತ್ತದೆ. 3/8 ಬಿಎಸ್‌ಪಿ ಬೋಲ್ಟಿನ ಹೊರ ಅಳತೆ 16.66 ಮಿಮೀ. ಎಂ16 ಬೋಲ್ಟು 16 ಮಿಮೀ. ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಒಂದೇ ಥರ. ಎಂ16 ಬೋಲ್ಟನ್ನು 3/8 ಬಿಎಸ್‌ಪಿ ನಟ್ಟಿಗೆ ಹಾಕಿದರೆ ಎರಡು ಮೂರು ಸುತ್ತು ಸಡಿಲವಾಗಿ ಹೋಗುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಬಿಗಿ ಆಯ್ತು ಅಂತ ಕೈ ಬಿಡುತ್ತಾರೆ. ನಿಜವಾಗಿ ಹಿಡಿದಿರುವುದು ಎರಡು ಮರೆ, ಅದೂ ಕೆಟ್ಟು ಹೋದ ಮರೆ. ಫುಲ್ ಕಟ್ ಒತ್ತಡಕ್ಕೆ ಅದು ಹಾರಿಬಿಡುತ್ತದೆ. ಹಾಗಾಗಿ ವರ್ನಿಯರ್ ಹಿಡಿದು ಅಳೆಯಿರಿ, ಪಿಚ್ ಗೇಜ್ ಇಟ್ಟು ನೋಡಿ. ಕೈಯಲ್ಲಿ ತಿರುಗಿಸಿದರೆ ಕೊನೆವರೆಗೂ ಸಲೀಸಾಗಿ ಹೋಗಬೇಕು. ಅರ್ಧಕ್ಕೇ ಪಾನಾ ಬೇಕಾಯ್ತು ಅಂದರೆ ಮರೆ ಬೇರೆ ಅಂತಲೇ ಅರ್ಥ.

ತುದಿ ಕೂರುವ ರೀತಿಯಲ್ಲೂ ಭೇದ ಇದೆ. ಕೆಲವು ಓ ರಿಂಗ್ ಮೇಲೆ ಕೂರುತ್ತವೆ, ಕೆಲವು ಚೂಪಾದ ಕೋನ್ ಮೇಲೆ. ಕೋನ್‌ನಲ್ಲಿ 37 ಡಿಗ್ರಿಯದು ಬೇರೆ, 45 ಡಿಗ್ರಿಯದು ಬೇರೆ. ಒಂದಕ್ಕೊಂದು ಹಾಕಿದರೆ ಎಷ್ಟು ಬಿಗಿದರೂ ಬೆವರುತ್ತಲೇ ಇರುತ್ತದೆ. ನಿಮ್ಮದು ಬ್ಯಾಂಜೊ ಬೋಲ್ಟ್ (ಎಣ್ಣೆ ಹಾಯಲು ಒಳಗೆ ತೂತಿರುವ ಬೋಲ್ಟ್) ಇದ್ದರೆ ಎರಡೂ ಬದಿಗೆ ಹೊಸ ತಾಮ್ರದ ವಾಷರ್ ಹಾಕಿ. ಹಳೇ ವಾಷರ್ ಒಮ್ಮೆ ಅಮುಕಿ ಗಡುಸಾಗಿರುತ್ತದೆ.

ಸರಿಯಾದ ಅಡಾಪ್ಟರ್ ಎಲ್ಲೂ ಸಿಗದಿದ್ದರೆ ಹಳೇ ಪೈಪುಗಳ ಉಕ್ಕಿನ ತುದಿಗಳನ್ನೇ ಉಳಿಸಿಕೊಳ್ಳಬಹುದು. ಪಂಪಿನ ಕಡೆಯದು ಟರ್ಬೊ ಎಂಜಿನ್ನಿನ ಪೈಪಿನಿಂದ, ಬಾಕ್ಸಿನ ಕಡೆಯದು ನಿಮ್ಮ ಹಳೇ ಪೈಪಿನಿಂದ. ಕತ್ತರಿಸಿದ ಕಡೆ ನಟ್ಟು, ತೋಳು ಹಾಕಿ ಪೈಪಿನ ಬಾಯಿ ಅಗಲಿಸಿ (ಫ್ಲೇರ್ ಮಾಡಿಸಿ) ಹೋಸಿಗೆ ಕೂಡಿಸುವುದು ಒಳ್ಳೆಯದು. ಬ್ರೇಜಿಂಗ್ (ಹಿತ್ತಾಳೆ ಕರಗಿಸಿ ಬೆಸೆಯುವುದು) ಮಾಡಿಸುವುದಾದರೆ ಒಂದರೊಳಗೊಂದು ತೂರುವಂತೆ ಮಾಡಿಸಿ, ತುದಿಗೆ ತುದಿ ಇಟ್ಟು ಅಂಟಿಸಬಾರದು. ಕೈ ಪಳಗಿದವರೇ ಮಾಡಬೇಕು. ತಾಮ್ರದ ಪೈಪು ಮಾತ್ರ ಬೇಡ. ಬಗ್ಗಿಸಲು ಸುಲಭ ಅಂತ ಹಾಕುತ್ತಾರೆ. ಎಂಜಿನ್ ನಡುಕಕ್ಕೆ ತಾಮ್ರ ಗಡುಸಾಗಿ ಸೀಳುತ್ತದೆ.

ಕ್ರಿಂಪ್ ಮಾಡಿಸುವಾಗ ಎರಡು ವಿಷಯ ಅಂಗಡಿಯವರಿಗೆ ಒತ್ತಿ ಹೇಳಿ. ಹೋಸು ಬಿಗಿಯಾಗಿ ಎಳೆದಂತೆ ಇರಬಾರದು. ಒತ್ತಡ ಏರಿದಾಗ ಈ ಹೋಸುಗಳ ಉದ್ದ ನೂರಕ್ಕೆ ನಾಲ್ಕರಷ್ಟು ಕುಗ್ಗಬಹುದು. ಸ್ಟಾರ್ಟ್ ಮಾಡಿದಾಗ, ಆಫ್ ಮಾಡಿದಾಗ ಡೀಸೆಲ್ ಎಂಜಿನ್ ಕೊಡವಿಕೊಳ್ಳುವುದನ್ನು ನೀವೇ ನೋಡಿದ್ದೀರಿ. ಪಂಪು ಎಂಜಿನ್ನಿನ ಜೊತೆ ಅಲ್ಲಾಡುತ್ತದೆ, ಸ್ಟೇರಿಂಗ್ ಬಾಕ್ಸ್ ಚಾಸಿಯ ಜೊತೆ ಅಲ್ಲಾಡದೆ ನಿಂತಿರುತ್ತದೆ. ಆ ಎರಡರ ನಡುವಿನ ಜಗ್ಗಾಟ ಹೋಸು ತಡೆಯಬೇಕು. ಇನ್ನೊಂದು, ತುದಿಗಳ ಕೋನ. ಎರಡೂ ತುದಿ ಬಾಗಿದ್ದರೆ ಒಂದಕ್ಕೊಂದು ಯಾವ ದಿಕ್ಕಿಗೆ ನೋಡಬೇಕು ಅಂತ ಗಾಡಿಯಲ್ಲೇ ಇಟ್ಟು ಸೀಮೆಸುಣ್ಣದ ಗುರುತು ಹಾಕಿಕೊಂಡು ಹೋಗಿ. ಹೋಸಿನ ಉದ್ದಕ್ಕೂ ಅಚ್ಚಾದ ಅಕ್ಷರದ ಗೆರೆ ಇರುತ್ತದೆ ನೋಡಿ. ಗಾಡಿಗೆ ಕೂರಿಸಿದ ಮೇಲೆ ಆ ಗೆರೆ ನೇರ ಕಾಣಬೇಕು. ಒದ್ದೆ ಬಟ್ಟೆ ಹಿಂಡಿದ ಹಾಗೆ ಸುತ್ತಿಕೊಂಡು ಹೋಗಿದ್ದರೆ ಹೋಸು ತಿರುಚಿದೆ, ಬಿಚ್ಚಿ ಮತ್ತೆ ಕೂರಿಸಿ.

ಎಣ್ಣೆ ಡಬ್ಬಿಗೆ ವಾಪಸ್ ಬರುವ ರಿಟರ್ನ್ ಪೈಪಿಗೆ ಇಷ್ಟು ತಲೆನೋವು ಇಲ್ಲ. ಅದರಲ್ಲಿ ಒತ್ತಡ ಕಡಿಮೆ, ಕ್ಲಿಪ್ಪು ನಡೆಯುತ್ತದೆ. ಆದರೆ ಎಣ್ಣೆಗೆ ತಡೆಯುವ ಹೋಸೇ ಆಗಬೇಕು. ರೇಡಿಯೇಟರಿನ ನೀರಿನ ಹೋಸ್ ಹಾಕಿದರೆ ಊದಿಕೊಂಡು ಬರುತ್ತದೆ. ಡಬ್ಬಿಯಿಂದ ಪಂಪಿಗೆ ಬರುವ ದಪ್ಪ ಹೋಸು ಎಲ್ಲೂ ಮಡಚಬಾರದು, ಡಬ್ಬಿ ಪಂಪಿಗಿಂತ ಮೇಲಿರಬೇಕು. ರಿಟರ್ನ್ ದಾರಿಯಲ್ಲಿ ರೇಡಿಯೇಟರ್ ಮುಂದೆ ಸುತ್ತಿ ಬರುವ ಕಬ್ಬಿಣದ ಪೈಪು ನಿಮ್ಮ ಗಾಡಿಯಲ್ಲಿದ್ದರೆ, ಅಡ್ಡ ಬರುತ್ತದೆ ಅಂತ ತೆಗೆಯಬೇಡಿ. ಎಣ್ಣೆ ತಣ್ಣಗಾಗುವುದು ಅಲ್ಲಿ.

ಹೋಸು ಕತ್ತರಿಸಿದಾಗ ಒಳಗೆ ರಬ್ಬರ್ ಪುಡಿ, ತಂತಿ ಚೂರು ಉಳಿಯುತ್ತದೆ. ಗಾಳಿ ಹೊಡೆದು, ಎಣ್ಣೆ ಹಾಯಿಸಿ ತೊಳೆದೇ ಕೂರಿಸಿ. ಬಿಚ್ಚಿಟ್ಟ ಬಾಯಿಗಳಿಗೆ ಚಿಂದಿ ತುರುಕಬೇಡಿ, ಪ್ಲಾಸ್ಟಿಕ್ ಹಾಳೆ ಕಟ್ಟಿ. ನಮ್ಮ ಬಳ್ಳಾರಿಯ ಕೆಂಪು ಧೂಳು ಒಂದು ಚಿಟಿಕೆ ಒಳಗೆ ಹೋದರೂ ಪಂಪಿನ ಬ್ಲೇಡುಗಳು ಗೀರು ಬೀಳುತ್ತವೆ.

ಎಣ್ಣೆ ತುಂಬಿದ ಕೂಡಲೇ ಸ್ಟಾರ್ಟ್ ಮಾಡಬಾರದು. ಮುಂದಿನ ಎರಡೂ ಚಕ್ರ ಜಾಕಿ ಮೇಲೆ ಎತ್ತಿ, ಗಟ್ಟಿ ಸ್ಟ್ಯಾಂಡ್ ಕೊಡಿ. ಎಂಜಿನ್ ಆಫ್ ಇರುವಾಗಲೇ ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ತಿರುಗಿಸುತ್ತಾ ಇರಿ. ಒಬ್ಬರು ಡಬ್ಬಿ ನೋಡುತ್ತಾ ಎಣ್ಣೆ ತುಂಬುತ್ತಿರಲಿ. ಗುಳ್ಳೆ ಬರುವುದು ನಿಂತ ಮೇಲೆ ಸ್ಟಾರ್ಟ್ ಮಾಡಿ, ಮತ್ತೆ ತಿರುಗಿಸಿ. ಫುಲ್ ಕಟ್‌ನಲ್ಲಿ ಐದು ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಡಿ. ಎಣ್ಣೆ ಹಾಲಿನಂತೆ ಬೆಳ್ಳಗೆ ಕಂಡರೆ ಗಾಳಿ ಇನ್ನೂ ಇದೆ. ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿ.

ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ಮಾತಿದೆ. ಎಂಜಿನ್ ಬದಲಿಸುವುದಕ್ಕೆ ಆರ್‌ಟಿಒ ಒಪ್ಪಿಗೆ ಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದನ್ನೇ ಹೇಳುವುದು. ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗಿ ಗಾಡಿ ಮಾರ್ಪಡಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ನಿಮ್ಮ ಆರ್‌ಸಿಯಲ್ಲಿ ಹಳೇ ಎಂಜಿನ್ ನಂಬರ್ ಇದೆ. ಪೈಪಿಗೆ ದುಡ್ಡು ಹಾಕುವ ಮೊದಲು ಎಂಜಿನ್ನಿನ ಬಿಲ್ಲು, ಕಾಗದ ಹಿಡಿದು ಆರ್‌ಟಿಒ ಕಚೇರಿಗೆ ಹೋಗಿ ಕೇಳಿ. ಒಪ್ಪಿಗೆ ಸಿಗುವವರೆಗೆ ಗಾಡಿ ರಸ್ತೆಗೆ ಇಳಿಸಬೇಡಿ. ಅಪಘಾತವಾದರೆ ಇನ್ಶೂರೆನ್ಸ್‌ನವರು ಮೊದಲು ನೋಡುವುದು ಈ ನಂಬರನ್ನೇ.

ಪ್ರಶ್ನೆ: ನನ್ನ ಜೀಪಿನ ಪ್ರೆಷರ್ ಹೋಸ್ ಒಡೆದಿತ್ತು. ಇಲ್ಲೇ ಜೆಸಿಬಿ ಹೋಸ್ ಮಾಡುವ ಅಂಗಡಿಯಲ್ಲಿ ದಪ್ಪನೆಯ ಎರಡು ಪದರದ ಹೋಸು ಮಾಡಿಸಿ ಹಾಕಿದೆ. ಸೋರಿಕೆ ಇಲ್ಲ. ಆದರೆ ಸ್ಟೇರಿಂಗ್ ತಿರುಗಿಸಿದಾಗಲೆಲ್ಲ 'ಗುಂಯ್' ಅಂತ ಸದ್ದು. ಪಂಪು ಹೋಯ್ತಾ?
ಓದುಗರು, ಸಂಡೂರು

ಉತ್ತರ: ಪಂಪು ತೆಗೆಯಲು ಅವಸರ ಮಾಡಬೇಡಿ. ಪಂಪು ಎಣ್ಣೆಯನ್ನು ಒಂದೇ ಸಮ ತಳ್ಳುವುದಿಲ್ಲ. ಒಂದೊಂದು ಬ್ಲೇಡ್ ದಾಟಿದಾಗ ಒಂದೊಂದು ಮಿಡಿತ. ಕಂಪನಿಯ ಪವರ್ ಸ್ಟೇರಿಂಗ್ ಹೋಸು ಒತ್ತಡಕ್ಕೆ ಸ್ವಲ್ಪ ಉಬ್ಬುವಂತೆ ಬೇಕೆಂದೇ ಮಾಡಿರುತ್ತಾರೆ. ಆ ಉಬ್ಬುವಿಕೆ ಮಿಡಿತವನ್ನು ನುಂಗುತ್ತದೆ. ಜೆಸಿಬಿಯ ಎರಡು ಪದರದ ಹೋಸು ಉಬ್ಬುವುದೇ ಇಲ್ಲ ಅನ್ನಬಹುದು. ಮಿಡಿತ ಹಾಗೇ ಸ್ಟೇರಿಂಗ್ ಬಾಕ್ಸಿಗೆ, ಅಲ್ಲಿಂದ ಚಾಸಿಗೆ, ಅಲ್ಲಿಂದ ನಿಮ್ಮ ಕಿವಿಗೆ ಬರುತ್ತದೆ. ಕೆಲವು ಕಂಪನಿ ಹೋಸುಗಳ ಒಳಗೆ ಸದ್ದು ತಡೆಯಲು ಸ್ಪ್ರಿಂಗಿನಂಥ ಒಂದು ಕೊಳವೆಯೂ ಇರುತ್ತದೆ. ನಿಮ್ಮ ಹಳೇ ಹೋಸು ಎಸೆದಿಲ್ಲ ಅಂದರೆ ಸೀಳಿ ನೋಡಿ, ಇದ್ದರೂ ಇರಬಹುದು.

ಮೊದಲು ಡಬ್ಬಿ ಮುಚ್ಚಳ ತೆಗೆದು ಎಣ್ಣೆಯಲ್ಲಿ ನೊರೆ ಇದೆಯಾ ನೋಡಿ. ನೊರೆ ಇದ್ದರೆ ಸದ್ದಿಗೆ ಕಾರಣ ಗಾಳಿ, ಡಬ್ಬಿಯಿಂದ ಪಂಪಿಗೆ ಬರುವ ಹೋಸಿನ ಕ್ಲಿಪ್ಪುಗಳನ್ನು ಬಿಗಿ ಮಾಡಿ. ನೊರೆ ಇಲ್ಲದಿದ್ದರೆ ಹೋಸು ಎಲ್ಲಾದರೂ ಗಾಡಿಯ ಮೈಗೆ ತಾಗಿದೆಯಾ ಅಂತ ಕೈ ದೀಪ ಹಿಡಿದು ಹುಡುಕಿ. ತಾಗಿದ ಕಡೆ ರಬ್ಬರ್ ಒಳಪದರ ಇರುವ ಕ್ಲ್ಯಾಂಪ್ ಹಾಕಿ ದೂರ ಸರಿಸಿದರೆ ಎಷ್ಟೋ ಸಲ ಅರ್ಧ ಸದ್ದು ಅಲ್ಲೇ ಇಳಿಯುತ್ತದೆ. ಅದಕ್ಕೂ ನಿಲ್ಲದಿದ್ದರೆ ಪವರ್ ಸ್ಟೇರಿಂಗ್ ಹೋಸಿನಲ್ಲೇ ಮತ್ತೆ ಮಾಡಿಸಿ. ಖರ್ಚು ಎರಡನೇ ಸಲ ಆಗುತ್ತದೆ, ಬೇಜಾರೇ. ಆದರೂ ಪಂಪಿನ ಖರ್ಚಿಗಿಂತ ಕಡಿಮೆ.

ಪ್ರಶ್ನೆ: ಸ್ಟೇರಿಂಗ್ ಎಣ್ಣೆ ಕಡಿಮೆ ಆಗುತ್ತಿದೆ, ಎಲ್ಲಿ ಸೋರುತ್ತಿದೆ ಗೊತ್ತಾಗುತ್ತಿಲ್ಲ. ಎಂಜಿನ್ ಚಾಲೂ ಇಟ್ಟು ಹೋಸಿನ ಉದ್ದಕ್ಕೂ ಬೆರಳು ಆಡಿಸಿ ನೋಡು ಅಂತ ಗೆಳೆಯ ಹೇಳಿದ.
ಓದುಗರು, ಸಿರುಗುಪ್ಪ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಆ ಒತ್ತಡದಲ್ಲಿ ಬರುವ ಎಣ್ಣೆ ಕಣ್ಣಿಗೂ ಕಾಣುವುದಿಲ್ಲ, ಚರ್ಮವನ್ನೇ ತೂರಿ ಒಳಗೆ ಹೋಗುತ್ತದೆ. ಹೊರಗೆ ಮುಳ್ಳು ಚುಚ್ಚಿದಷ್ಟು ಗುರುತು, ನೋವೂ ಮೊದಲಿಗೆ ಅಷ್ಟಿರುವುದಿಲ್ಲ. ಒಳಗೆ ಎಣ್ಣೆ ಹರಡಿ ಮಾಂಸ ಕೊಳೆಯಲು ಶುರುವಾಗುತ್ತದೆ. ತಡ ಮಾಡಿದರೆ ಬೆರಳು ತೆಗೆಯುವ ಪರಿಸ್ಥಿತಿ ಬರುತ್ತದೆ. ಯಾರಿಗಾದರೂ ಹೀಗಾದರೆ ಅರಿಸಿನ, ಮುಲಾಮು ಅಂತ ಕೂರಬೇಡಿ. ಆ ಗಳಿಗೆಯಲ್ಲೇ ಆಪರೇಷನ್ ಸೌಲಭ್ಯ ಇರುವ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. 'ಒತ್ತಡದ ಎಣ್ಣೆ ಚರ್ಮದೊಳಗೆ ಹೋಗಿದೆ' ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಗಾಯ ನೋಡಿದರೆ ಅವರಿಗೂ ಸಣ್ಣದು ಅನ್ನಿಸಬಹುದು.

ಸೋರಿಕೆ ಹುಡುಕಲು ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಹೋಸು, ಪೈಪು ಎಲ್ಲಾ ಒರೆಸಿ ಒಣಗಿಸಿ. ನಂತರ ಸ್ಟಾರ್ಟ್ ಮಾಡಿ, ಒಬ್ಬರು ಸ್ಟೇರಿಂಗ್ ತಿರುಗಿಸಲಿ. ನೀವು ಕನ್ನಡಕ ಹಾಕಿಕೊಂಡು, ರಟ್ಟಿನ ಉದ್ದನೆ ತುಂಡನ್ನು ಹೋಸಿನ ಹತ್ತಿರ ಹಿಡಿದು ಸರಿಸುತ್ತಾ ಹೋಗಿ. ಎಲ್ಲಿ ಒದ್ದೆ ಕಲೆ ಬಿತ್ತೋ ಅಲ್ಲಿದೆ ಸೋರಿಕೆ. ಬೆಲ್ಟಿಗೆ ರಟ್ಟು, ಅಂಗಿ ತೋಳು ಸಿಕ್ಕದಂತೆ ನೋಡಿಕೊಳ್ಳಿ.

ಪ್ರಶ್ನೆ: ಸ್ಟೇರಿಂಗ್ ಎಣ್ಣೆ ಕಮ್ಮಿ ಇತ್ತು. ದಾರಿಯಲ್ಲಿ ಒಂದು ಗ್ಯಾರೇಜಿನವರು ಬ್ರೇಕ್ ಆಯಿಲ್ ಹಾಕಿ ಕಳಿಸಿದರು. ಏನೂ ಆಗಲ್ಲ ಅಂದರು.
ಓದುಗರು, ಗಂಗಾವತಿ

ಉತ್ತರ: ಆಗುತ್ತದೆ. ಬ್ರೇಕ್ ಆಯಿಲ್ ನಿಜಕ್ಕೂ ಎಣ್ಣೆಯೇ ಅಲ್ಲ, ಸ್ಟೇರಿಂಗಿನ ಸೀಲುಗಳು ಅದಕ್ಕೆ ಊದಿಕೊಂಡು ಮೆತ್ತಗಾಗುತ್ತವೆ. ಗಾಡಿ ಓಡಿಸುವುದು ನಿಲ್ಲಿಸಿ, ರಿಟರ್ನ್ ಪೈಪು ಬಿಚ್ಚಿ ಪೂರ್ತಿ ಹೊರಗೆ ಬಿಡಿ. ಸರಿಯಾದ ಎಣ್ಣೆ ಹಾಯಿಸಿ ತೊಳೆದು ಮತ್ತೆ ತುಂಬಿಸಿ. ಯಾವ ಎಣ್ಣೆ ಅಂತ ಡಬ್ಬಿಯ ಮುಚ್ಚಳದ ಮೇಲೆ ಅಥವಾ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ನಮ್ಮಲ್ಲಿ ಓಡುವ ಬಹಳಷ್ಟು ಹಳೇ ಗಾಡಿಗಳಿಗೆ ಕೆಂಪು ಬಣ್ಣದ ಎಟಿಎಫ್ (ಆಟೋಮ್ಯಾಟಿಕ್ ಗೇರ್ ಎಣ್ಣೆ), ಡೆಕ್ಸ್‌ರಾನ್ ಜಾತಿಯದು. ಕೆಲವು ಯುರೋಪ್ ಕಾರುಗಳಿಗೆ ಹಸಿರು ಎಣ್ಣೆ ಬರುತ್ತದೆ, ಅದರ ಜೊತೆ ಕೆಂಪನ್ನು ಬೆರೆಸಬೇಡಿ.

ಪ್ರಶ್ನೆ: ನನ್ನದು ಸಣ್ಣ ಕಾರು, ಶಾಲೆಗೆ ಓಡಾಡಲು ಇಟ್ಟುಕೊಂಡಿದ್ದೇನೆ. ಸರ್ವಿಸ್‌ಗೆ ಕೊಟ್ಟಾಗ ಪವರ್ ಸ್ಟೇರಿಂಗ್ ಆಯಿಲ್ ಬದಲಿಸಿದ್ದಾಗಿ ಬಿಲ್ ಹಾಕಿದ್ದಾರೆ. ಬಾನೆಟ್ ಒಳಗೆ ಆ ಡಬ್ಬಿಯೇ ನನಗೆ ಕಾಣಿಸಲಿಲ್ಲ.
ಓದುಗರು, ಕೊಪ್ಪಳ

ಉತ್ತರ: ಅಕ್ಕಾ, ನೀವು ನೋಡಿದ್ದೇ ಸರಿ ಇರಬೇಕು. ಈಗಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಕರೆಂಟಿನ ಪವರ್ ಸ್ಟೇರಿಂಗ್. ಮೋಟಾರು ತಿರುಗಿಸುತ್ತದೆ, ಪಂಪಿಲ್ಲ, ಪೈಪಿಲ್ಲ, ಎಣ್ಣೆಯೂ ಇಲ್ಲ. ಕಾರಿನ ಪುಸ್ತಕ ತೆರೆದು ಖಚಿತ ಮಾಡಿಕೊಳ್ಳಿ. ಆ ಪುಟವನ್ನೂ ಬಿಲ್ಲನ್ನೂ ತಗೊಂಡು ಹೋಗಿ, ಎಣ್ಣೆ ಎಲ್ಲಿ ಹಾಕಿದಿರಿ ತೋರಿಸಿ ಅಂತ ಕೇಳಿ. ದುಡ್ಡು ವಾಪಸ್ ಕೇಳಲು ಸಂಕೋಚ ಬೇಡ.

ಪ್ರಶ್ನೆ: ಎಂಜಿನ್ ಬದಲಿಸಿದ ಮೇಲೆ ಪವರ್ ಸ್ಟೇರಿಂಗ್ ಪಂಪು ಕೂರಿಸಲು ಜಾಗವೇ ಇಲ್ಲ. ಪಂಪು ತೆಗೆದು, ಸ್ಟೇರಿಂಗ್ ತಿರುಗಿಸಿದಾಗ ಚಕ್ರಗಳನ್ನು ತಿರುಗಿಸುವ ರ‍್ಯಾಕಿನ ಎರಡೂ ಬಾಯಿಗೆ ಬೋಲ್ಟ್ ಹೊಡೆದು ಮುಚ್ಚಿ ಓಡಿಸಬಹುದಾ? ಕೈಬಲ ಚೆನ್ನಾಗಿದೆ.
ಓದುಗರು, ಲಿಂಗಸುಗೂರು

ಉತ್ತರ: ಕೈಬಲದ ಮಾತಲ್ಲ ಇದು. ರ‍್ಯಾಕಿನೊಳಗೆ ಎಣ್ಣೆ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಾಡಬೇಕು. ಬಾಯಿಗಳನ್ನು ಮುಚ್ಚಿದರೆ ಅದು ಸರಾಗ ಓಡುವುದಿಲ್ಲ. ಸ್ಟೇರಿಂಗ್ ಒಮ್ಮೆ ಬಿಗಿ, ಒಮ್ಮೆ ಸಡಿಲ ಆಗಿ ಸೀಲುಗಳೂ ಹೋಗುತ್ತವೆ. ಶೆಡ್ಡಿನಿಂದ ಗಾಡಿ ಹೊರಗೆ ತಳ್ಳುವುದಕ್ಕಾದರೆ ಎರಡು ಬಾಯಿಗಳ ನಡುವೆ ಒಂದು ಹೋಸು ಕೂಡಿಸಿ, ಒಳಗೆ ಸ್ವಲ್ಪ ಎಣ್ಣೆ ಬಿಟ್ಟು ಓಡಿಸಿಕೊಳ್ಳಬಹುದು. ರಸ್ತೆಗೆ ಇದು ಬೇಡ. ಪವರ್ ರ‍್ಯಾಕಿನ ಹಲ್ಲಿನ ಲೆಕ್ಕವೇ ಬೇರೆ, ಕೈಯಲ್ಲಿ ತಿರುಗಿಸಲು ತುಂಬಾ ಭಾರ. ಎದುರಿಗೆ ಎಮ್ಮೆ ಬಂದಾಗ ಥಟ್ಟನೆ ತಿರುಗಿಸಬೇಕಲ್ಲ.

ಪಂಪಿಗೆ ಬ್ರಾಕೆಟ್ ಮಾಡಿಸಿ. ಎಂಟು ಅಥವಾ ಹತ್ತು ಮಿಮೀ ದಪ್ಪದ ತಗಡು ಸಾಕು, ಲೇತ್‌ನವರು ಮಾಡಿಕೊಡುತ್ತಾರೆ. ಪಂಪು ಮೊದಲು ತಿರುಗುತ್ತಿದ್ದ ದಿಕ್ಕಿಗೇ ತಿರುಗಬೇಕು. ಮುಖ ಹಿಂದಕ್ಕೆ ಮಾಡಿ ಕೂರಿಸಿದರೆ ಉಲ್ಟಾ ತಿರುಗಿ ಒತ್ತಡವೇ ಬರುವುದಿಲ್ಲ. ಪುಲ್ಲಿ ಬೆಲ್ಟಿನ ಸಾಲಿಗೆ ಕಡ್ಡಿ ಇಟ್ಟಂತೆ ನೇರ ಇರಬೇಕು. ಬ್ರಾಕೆಟ್ ಆದ ಮೇಲೆ ಅದರ ಫೋಟೊ, ಪಂಪು ಮತ್ತು ರ‍್ಯಾಕಿನ ಬಾಯಿಗಳ ಅಳತೆ ಕಳಿಸಿ. ಹೋಸಿನ ದಾರಿ ಎಲ್ಲಿಂದ ತರಬೇಕು ಅಂತ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.